ನಿಮ್ಮ ಇಗ್ವಾನಾ ಗಂಡೋ ಹೆಣ್ಣೋ? ಕೋಯಂಬೇಡಿನಿಂದ ಬಂದ ಪ್ರಶ್ನೆಗೆ ಉದ್ದದ ಉತ್ತರ

ಕಳೆದ ವಾರದ ವೀಡಿಯೋ ಅರ್ಧ ಗಂಟೆ ಮುಟ್ಟಿಬಿಡ್ತು. "ಇಷ್ಟುದ್ದ ನೋಡೋಕೆ ಟೈಮಿಲ್ಲ ಸಾರ್, ಬರೆದು ಹಾಕಿ, ಕ್ಯಾಬ್‌ನಲ್ಲಿ ಓದ್ಕೋತೀವಿ" ಅಂತ ಬಹಳ ಜನ ಕೇಳಿದ್ರಿ. ಇದು ಅದರ ಬರಹರೂಪ. ಮಾತಾಡುವಾಗ ಅವಸರದಲ್ಲಿ ದಾಟಿಸಿಬಿಟ್ಟ ಕೆಲವು ವಿಷಯಗಳನ್ನ ಇಲ್ಲಿ ನಿಧಾನವಾಗಿ ಬರೆದಿದ್ದೀನಿ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಪಶುವೈದ್ಯ ಅಲ್ಲ. ಇಲ್ಲಿರೋದು ಮನೆಯಲ್ಲಿ ನೀವೇ ನೋಡಿ ತಿಳ್ಕೊಳ್ಳಬಹುದಾದದ್ದು, ಮತ್ತೆ ಯಾವಾಗ ಡಾಕ್ಟರ್ ಹತ್ರ ಓಡಬೇಕು ಅನ್ನೋದು.

ಕೋಯಂಬೇಡು ಅಂದ್ರೆ ಚೆನ್ನೈನಲ್ಲಿರೋ ನಮ್ಮವರಿಗೆ ಬೆಂಗಳೂರು ಬಸ್ಸು. ಶುಕ್ರವಾರ ರಾತ್ರಿ ಬ್ಯಾಗ್ ಹಾಕ್ಕೊಂಡು ಓಡೋ ಜಾಗ. ಅಲ್ಲೇ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿರೋ, ಅಂಬತ್ತೂರಿನಲ್ಲಿ ಕೆಲಸ ಮಾಡೋ ನಮ್ಮ ದಾವಣಗೆರೆ ಕಡೆಯ ವೀಕ್ಷಕರೊಬ್ಬರು ಮೆಸೇಜ್ ಹಾಕಿದ್ರು. ಅವರ ಹತ್ರ ನಾಲ್ಕು ವರ್ಷದ ಹಸಿರು ಇಗ್ವಾನಾ ಇದೆ. ಹೆಸರು ರಾಜ. ಹತ್ತು ದಿನದಿಂದ ಊಟ ಬಿಟ್ಟಿದೆ, ಹೊಟ್ಟೆ ಊದಿದೆ, ಬೆಳಗ್ಗೆಯಿಂದ ಸಂಜೆವರೆಗೂ ಪಂಜರದ ಮೂಲೆ ಕೆರೀತಾ ಇರುತ್ತೆ. "ಸಾರ್, ರಾಜನಿಗೆ ಗ್ಯಾಸ್ ಆಗಿದೆಯಾ? ಜೀರಿಗೆ ನೀರು ಕೊಡಬಹುದಾ?"

ಕಳಿಸಿದ್ದ ಎಂಟು ಫೋಟೋನೂ ಮೇಲಿನಿಂದ ತೆಗೆದದ್ದು. ನಾನು ಒಂದೇ ಕೇಳಿದೆ: ಹಿಂಗಾಲಿನ ತೊಡೆಯ ಕೆಳಭಾಗದ ಫೋಟೋ ಕಳಿಸಿ. ಯಾಕೆ ಅಂತ ಅರ್ಥ ಆಗಬೇಕಾದ್ರೆ ನಮ್ಮ ಗೋಡೆ ಮೇಲಿನ ಹಲ್ಲಿಯಿಂದಲೇ ಶುರು ಮಾಡೋಣ.

ಗಾಜಿನ ಮೇಲಿನ ಹಲ್ಲಿ

ರಾತ್ರಿ ಟ್ಯೂಬ್‌ಲೈಟ್ ಬೆಳಕಿಗೆ ಹುಳ ಹಿಡಿಯೋಕೆ ಕಿಟಕಿ ಗಾಜಿನ ಹೊರಗೆ ಹಲ್ಲಿ ಅಂಟಿಕೊಂಡಿರುತ್ತಲ್ಲ, ಒಳಗಿನಿಂದ ನೋಡಿ. ಇದಕ್ಕಿಂತ ಒಳ್ಳೆ ಪಾಠ ಇಲ್ಲ, ಮುಟ್ಟೋದೂ ಬೇಡ. ಬಾಲ ಶುರುವಾಗೋ ಜಾಗದಲ್ಲಿ, ಮಲದ್ವಾರದ ಸೀಳಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು ಉಬ್ಬು ಕಂಡ್ರೆ ಅದು ಗಂಡು. ಕೆಲವು ಸಲ ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಬಿಳಿ ಮೊಟ್ಟೆ ಕಡ್ಲೆಕಾಳಿನ ಹಾಗೆ ಕಾಣುತ್ತೆ. ಅದು ಹೆಣ್ಣು ಅಂತ ಬೇರೆ ಹೇಳಬೇಕಿಲ್ಲ. ಹಲ್ಲಿ ಮೈಮೇಲೆ ಬಿದ್ರೆ ಕಂಚಿಗೆ ಹೋಗಿ ವರದರಾಜ ಪೆರುಮಾಳ್ ದೇವಸ್ಥಾನದ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬರೋರು ನಾವು. ಬಿದ್ದದ್ದು ಗಂಡೋ ಹೆಣ್ಣೋ ಅಂತ ಯಾರೂ ನೋಡಿರೋದಿಲ್ಲ!

ಆ ಎರಡು ಉಬ್ಬು ಯಾಕೆ? ಹಲ್ಲಿ, ಓತಿಕ್ಯಾತ, ಉಡ, ಹಾವು, ಈ ಇಡೀ ಬಳಗದಲ್ಲಿ ಗಂಡಿಗೆ ಸಂತಾನದ ಅಂಗ ಒಂದಲ್ಲ, ಒಂದು ಜೋಡಿ. ಹೆಮಿಪೀನಿಸ್ ಅಂತಾರೆ. ಕೆಲಸ ಇಲ್ಲದಾಗ ಅವು ಬಾಲದ ಬುಡದೊಳಗೆ, ಒಳಮಗ್ಗುಲು ತಿರುಗಿಸಿದ ಕಾಲುಚೀಲದ ಹಾಗೆ ಅಡಗಿರುತ್ತವೆ. ಅದಕ್ಕೇ ಹೊರಗೆ ಉಬ್ಬು ಮಾತ್ರ ಕಾಣೋದು.

ಇದಕ್ಕೆ ಸಂಬಂಧಪಟ್ಟ ಒಂದು ಕಹಿ ವಿಷಯ ಇದೆ. ಮನೆಯಲ್ಲಿಟ್ಟರೆ ದುಡ್ಡು ಬರುತ್ತೆ ಅಂತ ಹೇಳಿ "ಹತ್ತಾ ಜೋಡಿ" ಅನ್ನೋ ಹೆಸರಲ್ಲಿ ಒಂದು "ಬೇರು" ಮಾರ್ತಿದ್ರು. ಆನ್‌ಲೈನ್‌ನಲ್ಲೂ ಸಿಗ್ತಿತ್ತು. ಎರಡು ಕೈ ಜೋಡಿಸಿದ ಹಾಗೆ ಆಕಾರ. 2017ರಲ್ಲಿ ಇದರ ಬಣ್ಣ ಬಯಲಾಯ್ತು. ಅದು ಬೇರೂ ಅಲ್ಲ, ಗೀರೂ ಅಲ್ಲ. ಗಂಡು ಉಡವನ್ನ ಕೊಂದು ತೆಗೆದು ಒಣಗಿಸಿದ ಇದೇ ಜೋಡಿ ಅಂಗ. ಉಡ ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿರೋ ಪ್ರಾಣಿ, ಹುಲಿಗೆ ಇರೋ ರಕ್ಷಣೆಯೇ ಅದಕ್ಕೂ ಇದೆ. ಊರಲ್ಲಿ ಯಾರಾದ್ರೂ ಕೊಡೋಕೆ ಬಂದ್ರೆ ಹೇಳಿ.

ಇನ್ನು ಬಣ್ಣ. ನಮ್ಮೂರ ಬೇಲಿ ಮೇಲಿನ ಓತಿಕ್ಯಾತದ ಗಂಡು ಸೀಸನ್ನಿನಲ್ಲಿ ಕತ್ತು, ಗಂಟಲು ಕೆಂಪು ಮಾಡ್ಕೊಂಡು ದಂಡ ಹೊಡೆಯುತ್ತೆ. ರಾಮನಗರ, ನಂದಿಬೆಟ್ಟದ ಬಂಡೆಗಳ ಮೇಲೆ ಸಿಗೋ ಕಲ್ಲೋತಿಯ ಗಂಡಂತೂ ಇನ್ನೂ ಜಾಣ. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕ ಕಪ್ಪು. ಇನ್ನೊಂದು ಗಂಡಿನ ಜೊತೆ ಜಗಳಕ್ಕೆ ನಿಂತರೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಕರ್ವಾಲೋ ಓದಿದವರಿಗೆ ಹಾರುವ ಓತಿ ನೆನಪಿರುತ್ತೆ. ಪಶ್ಚಿಮಘಟ್ಟದ ಆ ಓತಿಯ ಗಂಡಿಗೆ ಗಂಟಲ ಕೆಳಗೆ ಉದ್ದನೆ ಹಳದಿ ತೊಗಲು ಇರುತ್ತೆ, ಹೆಣ್ಣಿಗೆ ಅದು ಚಿಕ್ಕದು. ಅಂದ್ರೆ ಕಾಡಿನಲ್ಲಿ ದೂರದಿಂದಲೇ ಹೇಳಿಬಿಡಬಹುದು. ಆದ್ರೆ ಪಂಜರದಲ್ಲಿ ಬೆಳೆದ ಪ್ರಾಣಿಯಲ್ಲಿ ಬಣ್ಣ ನಂಬೋಕಾಗಲ್ಲ. ಬಿಸಿ, ಬೆಳಕು, ಹೆದರಿಕೆ ಎಲ್ಲಕ್ಕೂ ಬಣ್ಣ ಬದಲಾಗುತ್ತೆ.

ತೊಡೆಯ ಕೆಳಗಿನ ಸಾಲು

ಇಗ್ವಾನಾದ ಹಿಂಗಾಲಿನ ತೊಡೆಯ ಕೆಳಭಾಗದಲ್ಲಿ ಒಂದು ಸಾಲು ಚಿಕ್ಕ ಚಿಕ್ಕ ರಂಧ್ರಗಳಿರುತ್ತವೆ. ಗಂಡು ಹೆಣ್ಣು ಎರಡಕ್ಕೂ ಇರುತ್ತವೆ. ವ್ಯತ್ಯಾಸ ಗಾತ್ರದಲ್ಲಿ. ಬೆಳೆದ ಗಂಡಿನಲ್ಲಿ ಅವು ದಪ್ಪ, ಒಳಗಿನಿಂದ ಮೇಣದಂಥ ವಸ್ತು ಗಟ್ಟಿಯಾಗಿ ಹೊರಗೆ ಚಾಚಿ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಬೆರಳಾಡಿಸಿದರೆ ಗರಗಸದ ಹಾಗೆ ತಗಲುತ್ತೆ. ಆ ಮೇಣ ಕೊಂಬೆಗಳಿಗೆ ಒರೆಸಿ "ಇದು ನನ್ನ ಏರಿಯಾ" ಅಂತ ವಾಸನೆ ಬಿಡೋದಕ್ಕೆ. ಹೆಣ್ಣಿನಲ್ಲಿ ಅವು ಪೆನ್ಸಿಲ್ ಮೊನೆಯಲ್ಲಿ ಇಟ್ಟ ಚುಕ್ಕಿಗಳಷ್ಟೇ, ಬೆರಳಿಗೆ ಸಿಗೋದಿಲ್ಲ.

ಇದರ ಜೊತೆ ಬೇರೆ ಗುರುತುಗಳೂ ಸೇರಬೇಕು. ಗಂಡಿನ ತಲೆ ಭಾರಿ, ಕೆನ್ನೆ ದವಡೆ ಊದಿದ ಹಾಗೆ, ಗಂಟಲ ಕೆಳಗಿನ ಜೋಲು ತೊಗಲು ದೊಡ್ಡದು, ಬೆನ್ನಿನ ಮುಳ್ಳು ಎತ್ತರ, ಬಾಲದ ಬುಡದಲ್ಲಿ ಎರಡು ಉಬ್ಬು. ಸೀಸನ್ನಿನಲ್ಲಿ ಮುಂಗಾಲು, ಭುಜ ಕಿತ್ತಳೆಗೆ ತಿರುಗಬಹುದು.

ಆದ್ರೆ ಇದೆಲ್ಲ ಬೆಳೆದ ಪ್ರಾಣಿಯ ಮಾತು. ಒಂದೂವರೆ, ಎರಡು ವರ್ಷ ಆಗದೆ ಇಗ್ವಾನಾ ಮರಿಯನ್ನ ಕಣ್ಣಿನಿಂದ ನೋಡಿ ಗಂಡು ಹೆಣ್ಣು ಹೇಳೋದು ಊಹೆ ಅಷ್ಟೇ. ಅಂಗೈ ಮೇಲೆ ಕೂರೋ ಮರಿಯನ್ನ "ಪಕ್ಕಾ ಮೇಲ್ ಸಾರ್" ಅಂತ ಮಾರೋರನ್ನ ನಂಬಬೇಡಿ. ರಾಜನಿಗೆ ರಾಜ ಅಂತ ಹೆಸರು ಬಂದದ್ದೂ ಹಾಗೇ, ಅಂಗಡಿಯವರ ಮಾತಿನ ಮೇಲೆ.

ಯೂಟ್ಯೂಬ್‌ನಲ್ಲಿ ಇನ್ನೆರಡು ವಿಧಾನ ತೋರಿಸ್ತಾರೆ. ಒಂದು, ಬಾಲದ ಬುಡ ಒತ್ತಿ ಅಂಗವನ್ನ ಹೊರಗೆ ಚಿಮ್ಮಿಸೋದು. ಇನ್ನೊಂದು, ದ್ವಾರದೊಳಗೆ ಸಣ್ಣ ಸ್ಟೀಲ್ ಕಡ್ಡಿ ಹಾಕಿ ಆಳ ನೋಡೋದು. ಎರಡನ್ನೂ ಮನೆಯಲ್ಲಿ ಮಾಡಬೇಡಿ. ಕೈ ಪಳಗದವರು ಮಾಡಿದರೆ ಒಳಗೆ ಹರಿಯುತ್ತೆ, ಸೋಂಕಾಗುತ್ತೆ. ಅಷ್ಟು ಅವಸರ ಇದ್ದರೆ ಡಾಕ್ಟರ್ ಸ್ಕ್ಯಾನ್ ಮಾಡ್ತಾರೆ. ಇಲ್ಲದಿದ್ದರೆ ಕಾಯಿರಿ, ಪ್ರಾಣಿ ತಾನೇ ಹೇಳುತ್ತೆ.

ರಾಜನ ತೊಡೆ ಫೋಟೋ ಬಂತು. ಚುಕ್ಕಿಗಳು. ನಾಲ್ಕು ವರ್ಷ ಆದರೂ ಬರೀ ಚುಕ್ಕಿಗಳು. ಹೊಟ್ಟೆ ಎರಡೂ ಪಕ್ಕ ಗಂಟು ಗಂಟಾಗಿ, ಚೀಲದಲ್ಲಿ ದ್ರಾಕ್ಷಿ ತುಂಬಿದ ಹಾಗೆ. ಗ್ಯಾಸ್ ಅಲ್ಲ, ಮೊಟ್ಟೆ.

ಗಂಡಿಲ್ಲದಿದ್ದರೂ ಮೊಟ್ಟೆ

"ಒಂದೇ ಸಾಕಿದ್ದೀನಿ ಸಾರ್, ಇನ್ನೊಂದು ಇಗ್ವಾನಾನ ಅದು ನೋಡೇ ಇಲ್ಲ, ಮೊಟ್ಟೆ ಹೇಗೆ?" ಅಂದ್ರು. ಸಹಜವಾದ ಪ್ರಶ್ನೆ. ನಾಟಿಕೋಳಿ ಹುಂಜ ಇಲ್ಲದೆಯೂ ಮೊಟ್ಟೆ ಇಡೋಲ್ವಾ, ಹಾಗೇ. ಮರಿ ಆಗೋಲ್ಲ, ಮೊಟ್ಟೆ ಮಾತ್ರ ಬೆಳೆಯುತ್ತೆ. ಕೊಮೊಡೊ ಡ್ರ್ಯಾಗನ್‌ನಲ್ಲಿ ಮಾತ್ರ ಗಂಡಿಲ್ಲದೆ ಮರಿಯೂ ಆದದ್ದು 2006ರಲ್ಲಿ ಇಂಗ್ಲೆಂಡಿನ ಮೃಗಾಲಯಗಳಲ್ಲಿ ಗೊತ್ತಾಯ್ತು. ಇಗ್ವಾನಾದಲ್ಲಿ ಆ ಪವಾಡ ನಿರೀಕ್ಷೆ ಮಾಡಬೇಡಿ.

ಕೋಳಿಗೂ ಇದಕ್ಕೂ ವ್ಯತ್ಯಾಸ ಏನಂದ್ರೆ, ಕೋಳಿ ದಿನಕ್ಕೊಂದು ಇಡುತ್ತೆ. ಇಗ್ವಾನಾ ವರ್ಷಕ್ಕೊಮ್ಮೆ, ಒಂದೇ ಸಲ, ಇಪ್ಪತ್ತರಿಂದ ಎಪ್ಪತ್ತರವರೆಗೆ. ಅಷ್ಟೂ ಮೊಟ್ಟೆಯ ಸಿಪ್ಪೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಇಲ್ಲದಿದ್ದರೆ ತನ್ನ ಮೂಳೆಯಿಂದಲೇ ತೆಗೆಯುತ್ತೆ. ಮತ್ತೆ ಮೊಟ್ಟೆಯನ್ನ ಸಿಕ್ಕ ಕಡೆ ಇಡೋದಿಲ್ಲ. ಮಣ್ಣು ಅಗೆದು ಗುಹೆ ಮಾಡಿ ಒಳಗೆ ಹೋಗಿ ಇಡಬೇಕು. ಅಗೆಯೋಕೆ ಜಾಗ ಇಲ್ಲದಿದ್ದರೆ ತಡೆದಿಟ್ಟುಕೊಳ್ಳುತ್ತೆ. ತಡೆದಷ್ಟೂ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತೆ, ಕೆಲವು ಒಡೆಯುತ್ತವೆ, ಪ್ರಾಣಿ ಸಾಯುತ್ತೆ. ಟೈಲ್ಸ್ ನೆಲದ ಫ್ಲಾಟ್‌ನಲ್ಲಿ, ಕಬ್ಬಿಣದ ಜಾಲರಿಯ ತಳ ಇರೋ ಪಂಜರದಲ್ಲಿ ಅದು ಮೂಲೆ ಕೆರೆಯೋದು ಆಟಕ್ಕಲ್ಲ. ಮಣ್ಣು ಹುಡುಕ್ತಾ ಇದೆ.

ಅದಕ್ಕೇ ನಾನು ಗಂಡು ಹೆಣ್ಣಿನ ಪ್ರಶ್ನೆಗೆ ಇಷ್ಟು ಸಮಯ ಕೊಡ್ತಿರೋದು. ಗಂಡು ಅಂದ್ಕೊಂಡು ಸಾಕಿದ ಹೆಣ್ಣಿಗೆ ಮಣ್ಣಿನ ಡಬ್ಬ ಯಾರೂ ಇಡೋದಿಲ್ಲ.

ಡಬ್ಬ ಮಾಡೋದು ಕಷ್ಟ ಏನಿಲ್ಲ. ಪ್ರಾಣಿ ಒಳಗೆ ತಿರುಗಿಕೊಳ್ಳುವಷ್ಟು ಅಗಲದ, ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಟಬ್ ತಗೊಳ್ಳಿ. ಕಂಬಳಿ ರಜಾಯಿ ತುಂಬಿಡ್ತೀವಲ್ಲ, ಅಂಥದ್ದು. ಒಂದು ಪಕ್ಕದಲ್ಲಿ ಅದು ನುಗ್ಗುವಷ್ಟು ತೂತು ಕೊಯ್ದು ಅಂಚು ನಯ ಮಾಡಿ. ಒಳಗೆ ಮರಳು ಮತ್ತೆ ತೆಂಗಿನ ನಾರಿನ ಪುಡಿ ಸಮ ಸಮ, ಒಂದಡಿ ಆಳಕ್ಕೆ. ಹದ ಹೇಗಿರಬೇಕು ಅಂದ್ರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮುದ್ದೆ ಕಟ್ಟಿದವರಿಗೆ ಕೈ ಗೊತ್ತು. ಒಣ ಮರಳಾದ್ರೆ ಗುಹೆ ಕುಸಿಯುತ್ತೆ. ಡಬ್ಬದೊಳಗೆ ಕತ್ತಲಿರಲಿ, ಬೆಚ್ಚಗಿರಲಿ, ಜನ ಓಡಾಡದ ಮೂಲೆಯಲ್ಲಿಡಿ. ಆಮೇಲೆ ಅದರ ಪಾಡಿಗೆ ಬಿಡಿ. ಪದೇ ಪದೇ ಮುಚ್ಚಳ ತೆಗೆದು ಇಣುಕಿದರೆ ಕೆಲಸ ಕೆಡುತ್ತೆ.

ಈಗ ಮುಖ್ಯವಾದ ಗೆರೆ ಎಲ್ಲಿದೆ ಅಂತ ಹೇಳ್ತೀನಿ. ಮೊಟ್ಟೆ ತುಂಬಿದ ಹೆಣ್ಣು ಕೊನೆಯ ಕೆಲವು ವಾರ ಊಟ ಕಮ್ಮಿ ಮಾಡಿ ನಿಲ್ಲಿಸಿಬಿಡೋದು ಮಾಮೂಲು. ಹೊಟ್ಟೆಯಲ್ಲಿ ಜಾಗವೇ ಇರೋದಿಲ್ಲ. ಆದ್ರೆ ಕಣ್ಣು ಚುರುಕಾಗಿರಬೇಕು, ನೀರು ಕುಡೀಬೇಕು, ಓಡಾಡಬೇಕು, ಕೆರೀಬೇಕು. ಕಣ್ಣು ಮುಚ್ಚಿಕೊಂಡು ಸುಮ್ಮನೆ ಬಿದ್ದಿದ್ರೆ, ಕಾಲು ಬೆರಳು ನಡುಗ್ತಿದ್ರೆ, ಹಿಂಗಾಲು ಎಳೀತಿದ್ರೆ, ನಾಲ್ಕಾರು ಮೊಟ್ಟೆ ಇಟ್ಟು ಎರಡು ದಿನ ಕಳೆದರೂ ಹೊಟ್ಟೆ ಗಂಟು ಹಾಗೇ ಇದ್ರೆ, ನಾಳೆ ನೋಡೋಣ ಅನ್ನಬೇಡಿ. ಹೊಟ್ಟೆ ಒತ್ತಿ ಮೊಟ್ಟೆ ಇಳಿಸೋಕೆ ಹೋಗಬೇಡಿ. ಎಕ್ಸ್‌ರೇ ತೆಗೆದು, ಕ್ಯಾಲ್ಸಿಯಂ ಮತ್ತು ಡ್ರಿಪ್ ಕೊಟ್ಟು ನೋಡ್ತಾರೆ. ಆಗದಿದ್ದರೆ ಆಪರೇಷನ್.

ರಾಜನ ಕಣ್ಣು ಚುರುಕಾಗಿತ್ತು. ಆದ್ರೂ ಎಕ್ಸ್‌ರೇ ಮಾಡಿಸಿ ಅಂದೆ, ಮಾಡಿಸಿದ್ರು. ಡಾಕ್ಟರ್ ಕಾಯಬಹುದು ಅಂದರಂತೆ. ಟಬ್ ಇಟ್ಟ ಮೂರನೇ ದಿನ ಮಧ್ಯಾಹ್ನ ಒಳಗೆ ಹೋದದ್ದು ಸಂಜೆ ಹೊರಗೆ ಬಂದಾಗ ಹೊಟ್ಟೆ ಜೋಲು ಬಿದ್ದಿತ್ತಂತೆ, ಬಾಯೆಲ್ಲ ಮಣ್ಣು. ಮೂವತ್ತೊಂದು ಮೊಟ್ಟೆ. ಹೆಸರು ಬದಲಾಯಿಸಿಲ್ಲ, ಮಗಳು ಒಪ್ಪಲಿಲ್ಲವಂತೆ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಬರುತ್ತೆ, ಟಬ್ ಬಿಸಾಡಬೇಡಿ ಅಂತ ಹೇಳಿದ್ದೀನಿ. ಪ್ರತಿ ವರ್ಷ ಈ ಆತಂಕ ಬೇಡ ಅನ್ನೋರು ಅಂಡಾಶಯ ತೆಗೆಸೋ ಆಪರೇಷನ್ ಬಗ್ಗೆ ಸರೀಸೃಪ ನೋಡೋ ಡಾಕ್ಟರ್ ಜೊತೆ ಮಾತಾಡಬಹುದು.

ಗಂಡಾದ್ರೆ ಈ ಚಿಂತೆ ಇಲ್ಲ, ಬೇರೆ ಚಿಂತೆ ಇದೆ. ಸೀಸನ್ನಿನಲ್ಲಿ ಸಾಕಿದವರ ಮೇಲೇ ಎರಗುತ್ತೆ, ಕನ್ನಡಿಯಲ್ಲಿ ತನ್ನ ಬಿಂಬ ಕಂಡ್ರೂ ಜಗಳ. ತಲೆ ಮೇಲೆ ಕೆಳಗೆ ಕುಣಿಸ್ತಾ ಪಕ್ಕಕ್ಕೆ ತಿರುಗಿ ಮೈ ದೊಡ್ಡದು ಮಾಡಿ ತೋರಿಸ್ತಿದ್ರೆ ಆವತ್ತು ಎತ್ತಿಕೊಳ್ಳಬೇಡಿ. ಎರಡು ಗಂಡುಗಳನ್ನ ಒಂದೇ ಪಂಜರದಲ್ಲಿ ಇಡಲೇಬಾರದು. ಗಂಡು ಹೆಣ್ಣು ಜೋಡಿ ಮಾಡಿ ಇಡೋದೂ ಬೇಡ. ಹೆಣ್ಣಿಗೆ ಕುತ್ತಿಗೆ ಮೇಲೆ ಕಚ್ಚಿದ ಗಾಯ, ನಿಮಗೆ ಐವತ್ತು ಮರಿ. ಯಾರಿಗೆ ಕೊಡ್ತೀರಿ?

ಮಾರ್ಕೆಟ್ ಪಕ್ಕದಲ್ಲೇ ಇದೆ

ಕೋಯಂಬೇಡಿನಲ್ಲಿರೋರಿಗೆ ಇಗ್ವಾನಾ ಊಟದ ವಿಷಯದಲ್ಲಿ ಅದೃಷ್ಟ. 1996ರಲ್ಲಿ ಶುರುವಾದ ಆ ಸಗಟು ಮಾರುಕಟ್ಟೆಗೆ ನಡುರಾತ್ರಿಯಿಂದಲೇ ಲಾರಿಗಳು ಬರ್ತವೆ, ನೈಟ್ ಶಿಫ್ಟ್ ಮುಗಿಸಿ ಬರೋರು ಹಾಗೇ ಸೊಪ್ಪು ತಗೊಂಡು ಹೋಗಬಹುದು.

ಇಗ್ವಾನಾ ಪೂರ್ತಿ ಸಸ್ಯಾಹಾರಿ. ಮೊಟ್ಟೆ, ಚಿಕನ್, ನಾಯಿ ತಿಂಡಿ ಕೊಡ್ತಾರೆ ಕೆಲವರು, ಬೇಗ ಬೆಳೆಯುತ್ತೆ ಅಂತ. ಕಿಡ್ನಿ ಹೋಗುತ್ತೆ. ಬೇಕಾಗಿರೋದು ಕ್ಯಾಲ್ಸಿಯಂ ಜಾಸ್ತಿ ಇರೋ ಎಲೆ. ವಿದೇಶಿ ಪುಸ್ತಕಗಳಲ್ಲಿ ಹೇಳೋ ಕಾಲರ್ಡ್, ಡ್ಯಾಂಡೆಲಿಯನ್ ಹುಡುಕ್ತಾ ಸೂಪರ್ ಮಾರ್ಕೆಟ್ ಸುತ್ತಬೇಡಿ. ಅದಕ್ಕಿಂತ ಒಳ್ಳೇದು ಇಲ್ಲೇ ಇದೆ. ಅಗತ್ತಿ ಕೀರೈ ಅಂತ ಕೇಳಿ, ನಮ್ಮ ಅಗಸೆ ಸೊಪ್ಪು. ಅಮಾವಾಸ್ಯೆ ದಿನ ಇಲ್ಲಿನವರು ಹಸುವಿಗೆ ಕೊಡ್ತಾರಲ್ಲ, ಅದೇ. ನೂರು ಗ್ರಾಂ ಎಲೆಯಲ್ಲಿ 900 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಮುರುಂಗೈ ಕೀರೈ, ಅಂದ್ರೆ ನುಗ್ಗೆಸೊಪ್ಪು, 300ಕ್ಕೂ ಹೆಚ್ಚು. ಪಾಲಕ್‌ನಲ್ಲಿ ನೂರಕ್ಕಿಂತ ಕಮ್ಮಿ, ಇರೋದನ್ನೂ ಅದರ ಆಕ್ಸಲೇಟ್ ಹಿಡ್ಕೊಂಡುಬಿಡುತ್ತೆ. ದಂಟು, ಹರಿವೆಗೂ ಅದೇ ತಕರಾರು, ಅಪರೂಪಕ್ಕೆ ಸಾಕು. ಎಲೆಕೋಸು, ಹೂಕೋಸಿನ ಎಲೆ ದಿನಾ ಬೇಡ. ಅಗಸೆ, ನುಗ್ಗೆ ಮುಖ್ಯ ಊಟ ಆಗಲಿ, ಅದರ ಜೊತೆ ದಾಸವಾಳದ ಎಲೆ ಹೂವು, ತುರಿದ ಸಿಹಿಗುಂಬಳ, ಬೀನ್ಸ್, ವಾರಕ್ಕೊಂದೆರಡು ಸಲ ಪಪ್ಪಾಯ. ಒಂದೇ ಸೊಪ್ಪನ್ನ ತಿಂಗಳಾನುಗಟ್ಟಲೆ ಕೊಡಬೇಡಿ, ತಿರುಗಿಸಿ ತಿರುಗಿಸಿ ಕೊಡಿ. ಊರಿಗೆ ಹೋದಾಗ ಹಿಪ್ಪುನೇರಳೆ ಸೊಪ್ಪು ಸಿಕ್ಕರೆ ತನ್ನಿ, ರೇಷ್ಮೆ ಹುಳುವಿನಷ್ಟೇ ಇಷ್ಟಪಟ್ಟು ತಿನ್ನುತ್ತೆ. ಯಾವ ಸೊಪ್ಪೇ ಆಗಲಿ, ಔಷಧಿ ಹೊಡೆದಿರ್ತಾರೆ ಅಂತಲೇ ತಿಳಿದು ನೀರಲ್ಲಿ ನೆನೆಸಿ ಎರಡು ಮೂರು ಸಲ ತೊಳೆಯಿರಿ. ದಾಸವಾಳದ ಹೂವನ್ನ ಹೂವಿನ ಮಾರ್ಕೆಟ್‌ನಿಂದ ತರಬೇಡಿ, ಔಷಧಿ ಹೊಡೆಯದ ಮನೆ ಗಿಡದ್ದು ಕೊಡಿ.

ಬಿಸಿಲು, ಎಸಿ, ಕಾಗೆ

ಎಷ್ಟೇ ಅಗಸೆ ಸೊಪ್ಪು ಹಾಕಿದ್ರೂ ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತೋದಿಲ್ಲ. ಅದು ಚರ್ಮದಲ್ಲಿ ತಯಾರಾಗೋದು ಸೂರ್ಯನ ಯುವಿಬಿ ಕಿರಣದಿಂದ. ನಮ್ಮ ಐಟಿಯವರ ಬ್ಲಡ್ ರಿಪೋರ್ಟ್ ನೋಡಿದವರಿಗೆ ಇದು ಹೊಸದಲ್ಲ. ಕಿಟಕಿ ಗಾಜು ಯುವಿಬಿಯನ್ನ ತಡೆದುಬಿಡುತ್ತೆ. ಹಾಗಾಗಿ ಗಾಜಿನ ಹಿಂದೆ ಬಿಸಿಲು ಕಾಯಿಸಿದ್ರೆ ಲೆಕ್ಕಕ್ಕಿಲ್ಲ. ಬಾಲ್ಕನಿಯಲ್ಲಿ ಜಾಲರಿ ಪಂಜರ, ಅರ್ಧ ಬಿಸಿಲು ಅರ್ಧ ನೆರಳು, ಬೆಳಗಿನ ಹೊತ್ತು, ಇದು ಎಲ್ಲಕ್ಕಿಂತ ಒಳ್ಳೇದು. ಪಂಜರಕ್ಕೆ ಮೇಲುಗಡೆಯೂ ಜಾಲರಿ ಇರಲಿ, ಚೆನ್ನೈ ಕಾಗೆಗಳನ್ನ ಹಗುರ ತಿಳೀಬೇಡಿ. ಗಾಜಿನ ಅಕ್ವೇರಿಯಂ ತೊಟ್ಟಿಯನ್ನ ಮಾತ್ರ ಬಿಸಿಲಿಗಿಡಬೇಡಿ, ಒಳಗೆ ಓವನ್ ಆಗುತ್ತೆ, ಸ್ವಲ್ಪ ಹೊತ್ತಿನಲ್ಲೇ ಪ್ರಾಣಿ ಸಾಯುತ್ತೆ. ಬಾಲ್ಕನಿ ಇಲ್ಲದವರು ಸರೀಸೃಪಗಳಿಗೆ ಅಂತಲೇ ಬರೋ ಯುವಿಬಿ ಟ್ಯೂಬ್ ಹಾಕಿ, ದಿನಕ್ಕೆ 12 ಗಂಟೆ. ಬೆಳಕು ಉರೀತಿದ್ರೂ ಆರು ತಿಂಗಳು, ವರ್ಷದೊಳಗೆ ಯುವಿಬಿ ತೀರಿಹೋಗುತ್ತೆ, ಬದಲಾಯಿಸಬೇಕು.

ಬಿಸಿ ಕಾಯೋ ಕೊಂಬೆ ಹತ್ರ 35ರಿಂದ 38 ಡಿಗ್ರಿ, ಇನ್ನೊಂದು ತುದಿ 27ರ ಹತ್ರ. ಅದು ತಾನೇ ಆರಿಸಿಕೊಳ್ಳುತ್ತೆ. ಮೇ ತಿಂಗಳಲ್ಲಿ ಚೆನ್ನೈ 40 ದಾಟಿದಾಗ ಮುಚ್ಚಿದ ರೂಮಿನಲ್ಲಿ ಬಿಟ್ಟು ಆಫೀಸಿಗೆ ಹೋಗಬೇಡಿ. ಬಾಯಿ ತೆರೆದು ಉಸಿರಾಡ್ತಿದ್ರೆ ಬಿಸಿ ಜಾಸ್ತಿಯಾಗಿದೆ ಅಂತ ಅರ್ಥ. ಉಲ್ಟಾ ತಪ್ಪನ್ನೂ ನೋಡಿದ್ದೀನಿ. ರಾತ್ರಿಯೆಲ್ಲ 20ರಲ್ಲಿ ಎಸಿ ಹಾಕಿದ ಬೆಡ್‌ರೂಮಿನಲ್ಲೇ ಪಂಜರ. ಮೈ ತಣ್ಣಗಾದ್ರೆ ತಿಂದದ್ದು ಅರಗೋದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತೆ. ಕರೆಂಟಿನ ಬಿಸಿ ಕಲ್ಲು ಅಂತ ಮಾರ್ತಾರೆ, ಅದು ಬೇಡ, ಹೊಟ್ಟೆ ಸುಡುತ್ತೆ.

ಬೆಂಗಳೂರಿಗೆ ವರ್ಗ ಆಗೋರು ಇದನ್ನ ಗಮನಿಸಿ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ 15, 16 ಡಿಗ್ರಿ. ಚೆನ್ನೈನಲ್ಲಿ ಬೇಕಿಲ್ಲದ ರಾತ್ರಿ ಹೀಟರ್ ಅಲ್ಲಿ ಬೇಕೇ ಬೇಕು, ಬೆಳಕು ಬರದ ಸೆರಾಮಿಕ್ ಬಲ್ಬ್. 2018ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಚಳಿಗೆ ಮರಗಟ್ಟಿ ಇಗ್ವಾನಾಗಳು ಮರದಿಂದ ಬಿದ್ದ ವೀಡಿಯೋ ನೋಡಿರ್ತೀರಿ. ಬೆಂಗಳೂರು ಅಷ್ಟು ತಣ್ಣಗಾಗೋದಿಲ್ಲ, ಆದ್ರೆ ಹಸಿವು ಸಾಯೋಕೆ ಅಷ್ಟು ಚಳಿಯೂ ಬೇಕಿಲ್ಲ.

ಬೇರೆ ಎರಡು

ಲೆಪರ್ಡ್ ಗೆಕ್ಕೋ ಬಗ್ಗೆ ಕೇಳಿದ್ರಿ. ಆರು ತಿಂಗಳು ದಾಟಿದ ಮೇಲೆ ಪಾರದರ್ಶಕ ಡಬ್ಬದಲ್ಲಿ ಕೂರಿಸಿ ಕೆಳಗಿನಿಂದ ನೋಡಿ. ದ್ವಾರದ ಮುಂದೆ ತಲೆಕೆಳಗಾದ ವಿ ಆಕಾರದಲ್ಲಿ ರಂಧ್ರಗಳ ಸಾಲು ಸ್ಪಷ್ಟವಾಗಿದ್ದು, ಹಿಂದೆ ಎರಡು ಉಬ್ಬಿದ್ರೆ ಗಂಡು. ಬಿಯರ್ಡೆಡ್ ಡ್ರ್ಯಾಗನ್‌ನಲ್ಲಿ ಬಾಲವನ್ನ ಮೆಲ್ಲಗೆ ಸ್ವಲ್ಪವೇ ಎತ್ತಿ, ಮೇಲಿನಿಂದ ಟಾರ್ಚ್ ಹಿಡಿದು ಬುಡದ ಕೆಳಭಾಗ ನೋಡಿ. ಪಕ್ಕಗಳಲ್ಲಿ ಎರಡು ಉಬ್ಬು, ನಡುವೆ ತಗ್ಗು ಇದ್ರೆ ಗಂಡು. ನಡುವೆ ಒಂದೇ ಇದ್ರೆ ಹೆಣ್ಣು. ಗೆಕ್ಕೋ ಬಾಲ ಹಿಡಿದು ಎತ್ತಿದ್ರೆ ಕಳಚಿಹೋಗುತ್ತೆ, ಇಗ್ವಾನಾದ್ದೂ ಅಷ್ಟೇ. ಡ್ರ್ಯಾಗನ್ ಬಾಲಕ್ಕೆ ಪೆಟ್ಟಾಗಿ ಹೋದ್ರೆ ಮತ್ತೆ ಬೆಳೆಯೋದೇ ಇಲ್ಲ.

ಇವುಗಳಲ್ಲಿ ಗಂಡು ಹೆಣ್ಣು ಆಗೋದೇ ಒಂದು ಸ್ವಾರಸ್ಯ. ಲೆಪರ್ಡ್ ಗೆಕ್ಕೋ ಮೊಟ್ಟೆಯನ್ನ ಸುಮಾರು 26 ಡಿಗ್ರಿಯಲ್ಲಿ ಕಾವಿಗಿಟ್ಟರೆ ಬಹುಪಾಲು ಹೆಣ್ಣು. 32ರ ಆಸುಪಾಸಿನಲ್ಲಿ ಬಹುಪಾಲು ಗಂಡು. ಇನ್ನೂ ಮೇಲೆ 34 ದಾಟಿಸಿದ್ರೆ ಮತ್ತೆ ಹೆಣ್ಣು! ಇಸಿಆರ್ ರಸ್ತೆಯಲ್ಲಿ 1976ರಲ್ಲಿ ಶುರುವಾದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಇದೆಯಲ್ಲ, ನಮ್ಮ ಮೊಸಳೆಯ ಲಿಂಗವೂ ಗೂಡಿನ ಬಿಸಿಯ ಮೇಲೆ ನಿಂತಿದೆ ಅನ್ನೋ ಸಂಶೋಧನೆ 80ರ ದಶಕದಲ್ಲಿ ನಡೆದದ್ದು ಅಲ್ಲೇ. ಬಿಯರ್ಡೆಡ್ ಡ್ರ್ಯಾಗನ್‌ಗೆ ನಮ್ಮ ಹಾಗೆ ಕ್ರೋಮೋಸೋಮ್ ಲೆಕ್ಕ ಇದೆ, ಆದ್ರೂ ಬಿಸಿ ಜಾಸ್ತಿಯಾದ್ರೆ ಗಂಡಾಗಬೇಕಿದ್ದದ್ದು ಹೆಣ್ಣಾಗಿ ಹುಟ್ಟುತ್ತೆ. ಆಸ್ಟ್ರೇಲಿಯಾದ ಬಯಲಿನಲ್ಲಿ ಹಾಗೆ ಆಗ್ತಾ ಇರೋದು 2015ರಲ್ಲಿ ಪ್ರಕಟವಾಯ್ತು.

ಇವೆರಡರಲ್ಲೂ ಹೆಣ್ಣು ಒಂಟಿಯಾಗಿದ್ದೂ ಮೊಟ್ಟೆ ಇಡುತ್ತೆ. ಮಣ್ಣಿನ ಡಬ್ಬದ ಮಾತು ಇವಕ್ಕೂ ಸಲ್ಲುತ್ತೆ, ಗಾತ್ರ ಚಿಕ್ಕದು ಅಷ್ಟೇ.

ಕಾಗದಪತ್ರ

ನಮ್ಮ ಕಾಡಿನ ಉಡ, ಗೋಸುಂಬೆ ಇವನ್ನೆಲ್ಲ ಸಾಕೋದು ಅಪರಾಧ, ಅದರ ಚರ್ಚೆಯೇ ಬೇಡ. ಹಸಿರು ಇಗ್ವಾನಾ ವಿದೇಶಿ ಪ್ರಾಣಿ, ಆದ್ರೆ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಆಮೇಲೆ 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ಬಿಲ್ಲಿಲ್ಲದೆ, ಎಲ್ಲಿಂದ ಬಂತು ಅಂತ ಹೇಳದೆ ಕೊಡೋ ಮರಿ ತಗೋಬೇಡಿ. ಬ್ಯಾಂಕಾಕ್ ವಿಮಾನದಲ್ಲಿ ಸೂಟ್‌ಕೇಸ್‌ನೊಳಗೆ ತುಂಬಿ ತಂದ ಪ್ರಾಣಿಗಳನ್ನ ಚೆನ್ನೈ ಏರ್‌ಪೋರ್ಟ್ ಕಸ್ಟಮ್ಸ್ ಪದೇ ಪದೇ ಹಿಡೀತಾನೇ ಇರುತ್ತೆ.

ತಗೊಳ್ಳೋ ಮುಂಚೆ ಇನ್ನೂ ಒಂದು ಲೆಕ್ಕ. ಚೆನ್ನಾಗಿ ಸಾಕಿದ್ರೆ ಇಗ್ವಾನಾ 15, 20 ವರ್ಷ ಬದುಕುತ್ತೆ, ಐದಡಿ ಬೆಳೆಯುತ್ತೆ, ಆಳೆತ್ತರದ ಪಂಜರ ಬೇಕು. ಎರಡು ವರ್ಷಕ್ಕೆ ಕಂಪನಿ, ಮೂರು ವರ್ಷಕ್ಕೆ ಊರು ಬದಲಾಯಿಸೋ ನಮಗೆ, ಆನ್‌ಸೈಟ್ ಬಂದಾಗ ಇದನ್ನ ಯಾರು ನೋಡ್ಕೋತಾರೆ? ಬಾಡಿಗೆ ಮನೆ ಓನರ್ ಬೆಕ್ಕಿಗೇ ಮುಖ ಸಿಂಡರಿಸ್ತಾರೆ. ನನ್ನನ್ನ ಕೇಳಿದ್ರೆ, ಹೊಸದಾಗಿ ತಗೊಳ್ಳೋ ಯೋಚನೆಯಲ್ಲಿರೋರಲ್ಲಿ ಹತ್ತಕ್ಕೆ ಒಂಬತ್ತು ಜನ ತಗೋಬಾರದು. ಈ ಬರಹ ಮುಖ್ಯವಾಗಿ ಈಗಾಗಲೇ ಮನೆಯಲ್ಲಿರೋರಿಗೆ.

ಡಾಕ್ಟರ್ ಹತ್ರ ಹೋಗುವಾಗ

ಕೋಯಂಬೇಡಿನಿಂದ ಪೂನಮಲ್ಲಿ ಹೈ ರೋಡ್ ಹಿಡಿದು ನೇರ ಹೋದ್ರೆ ವೇಪೇರಿ. ಅಲ್ಲಿನ ಮದ್ರಾಸ್ ವೆಟರ್ನರಿ ಕಾಲೇಜು 1903ರದ್ದು, ಅದರ ಆಸ್ಪತ್ರೆ ಇದೆ. ಬೆಂಗಳೂರಿನವರಿಗೆ ಹೆಬ್ಬಾಳದ ವೆಟರ್ನರಿ ಕಾಲೇಜು. ಎಲ್ಲಿಗೆ ಹೋದ್ರೂ ಸರೀಸೃಪ ನೋಡೋ ಡಾಕ್ಟರ್ ಯಾವ ದಿನ ಇರ್ತಾರೆ ಅಂತ ಮೊದಲೇ ಕೇಳ್ಕೊಳ್ಳಿ. ಪ್ರಾಣಿ ಮೈ ಸರಿಯಾಗಿದ್ದಾಗಲೇ ಒಮ್ಮೆ ಹೋಗಿ ತೋರಿಸಿ, ಗಂಡೋ ಹೆಣ್ಣೋ ಅವರ ಕೈಯಲ್ಲೇ ಖಚಿತ ಮಾಡಿಸಿ.

ಆಟೋದಲ್ಲಿ ಕರ್ಕೊಂಡು ಹೋಗಿ, ಗಾಳಿ ಆಡೋ ಡಬ್ಬದಲ್ಲಿ, ಕೆಳಗೆ ಹಳೆ ಟವೆಲ್. ಡಬ್ಬಕ್ಕೆ ಮೇಲಿನಿಂದ ಬಟ್ಟೆ ಮುಚ್ಚಿದ್ರೆ ಕತ್ತಲಿಗೆ ಸುಮ್ಮನಿರುತ್ತೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆರೋಗ್ಯವಾಗಿ ಕಾಣೋ ಪ್ರಾಣಿಯ ಮೈಯಲ್ಲೂ ಸಾಲ್ಮೊನೆಲ್ಲಾ ಇರುತ್ತೆ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ರೆ ಅವರ ಕೈಗೆ ಕೊಡಬೇಡಿ. ಫೋನಿನಲ್ಲಿ ಇವಿಷ್ಟು ಇಟ್ಕೊಳ್ಳಿ: ಪಂಜರದ ಫೋಟೋ, ಯುವಿಬಿ ಟ್ಯೂಬಿನ ಪೆಟ್ಟಿಗೆ ಮೇಲಿನ ಬರಹ, ಕೊನೆಯ ಸಲ ಊಟ ಮಾಡಿದ ತಾರೀಕು, ಕೊನೆಯ ಸಲ ಮಲ ಹಾಕಿದ ತಾರೀಕು, ತಿಂಗಳಿಗೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದ ತೂಕ. ಹೆಣ್ಣಾದ್ರೆ, ಹಿಂದಿನ ವರ್ಷ ಯಾವ ತಿಂಗಳಲ್ಲಿ ಎಷ್ಟು ಮೊಟ್ಟೆ ಇಟ್ಟಿತು ಅನ್ನೋದನ್ನೂ ಬರೆದಿಡಿ, ಡಾಕ್ಟರ್ ಅದನ್ನ ಕೇಳ್ತಾರೆ.